ಸಾಕು ಹಾವಿಗೆ ಸೋಂಕು: ಮೊದಲು ಪೆಟ್ಟಿಗೆ ನೋಡಿ, ಆಮೇಲೆ ಹಾವು

ಹಾವು ನರಳುವುದಿಲ್ಲ, ಕುಂಟುವುದಿಲ್ಲ, ನಮ್ಮ ಹತ್ತಿರ ಬಂದು ಮುದುರಿಕೊಳ್ಳುವುದೂ ಇಲ್ಲ. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡ ಪ್ರಾಣಿ ಇನ್ನೊಂದರ ಬಾಯಿಗೆ ಬೀಳುತ್ತದೆ. ಅದಕ್ಕೇ ಹಾವು ಆದಷ್ಟು ದಿನ ಅಡಗಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಏನಾದರೂ ಬೀಳುವ ಹೊತ್ತಿಗೆ ಸೋಂಕು ಸಾಕಷ್ಟು ಹಳೆಯದಾಗಿರುತ್ತದೆ. ಹಾಗಾಗಿ "ಇನ್ನೊಂದು ವಾರ ನೋಡೋಣ" ಅನ್ನುವ ಮಾತು ಇಲ್ಲಿ ಅಪಾಯದ್ದು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಾವಿಗೆ ಸೋಂಕು ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವಲ್ಲ. ಸ್ಯೂಡೋಮೊನಾಸ್, ಏರೋಮೊನಾಸ್, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್ ಇವೆಲ್ಲ ಹಾವಿನ ಬಾಯಲ್ಲಿ, ಕರುಳಲ್ಲಿ, ನೀರಿನ ಬಟ್ಟಲಲ್ಲಿ ಸುಮ್ನೆ ಇರುವಂಥವು. ಹಾವಿನ ಮೈ ಗಟ್ಟಿಯಾಗಿರುವವರೆಗೂ ಏನೂ ಮಾಡುವುದಿಲ್ಲ. ಚಳಿ, ಒದ್ದೆ, ಕೊಳಕು, ನುಸಿ, ಗಾಯ, ಗಾಬರಿ ಇವುಗಳಲ್ಲಿ ಯಾವುದಾದರೂ ಮೈಯನ್ನು ಸೋಲಿಸಿದಾಗ ಇವು ಮೇಲೇಳುತ್ತವೆ. ಮದ್ದು ಕೊಟ್ಟು ಕಾರಣವನ್ನು ಹಾಗೇ ಬಿಟ್ಟರೆ ಕಾಯಿಲೆ ಮರಳಿ ಬರುತ್ತದೆ.

ಯಾವ ಲಕ್ಷಣವೇ ಇರಲಿ, ಮೊದಲ ಅರ್ಧ ಗಂಟೆ

ಬಿಸಿ ಅಳೆಯಿರಿ. ಹಾವು ತನ್ನ ಮೈಯನ್ನು ತಾನೇ ಕಾಯಿಸಿಕೊಳ್ಳುವ ಪ್ರಾಣಿ ಅಲ್ಲ. ಸುತ್ತಲಿನ ಬಿಸಿಯೇ ಅದರ ಜ್ವರ, ಅದರ ಜೀರ್ಣ, ಅದರ ರೋಗನಿರೋಧಕ ಶಕ್ತಿ. ತಣ್ಣಗಿರುವ ಹಾವಿನ ಮೈ ಸೋಂಕಿನ ಜೊತೆ ಹೋರಾಡುವುದೇ ಇಲ್ಲ ಅನ್ನಬಹುದು. ಒಳಗೆ ಹೋದ ಆ್ಯಂಟಿಬಯಾಟಿಕ್ ಕೂಡ ತಣ್ಣನೆಯ ಮೈಯಲ್ಲಿ ಸರಿಯಾಗಿ ಹರಡುವುದಿಲ್ಲ.

ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಹೆಬ್ಬಾವು) ಆದರೆ ಪೆಟ್ಟಿಗೆಯ ಬೆಚ್ಚನೆಯ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ಬದಿ 24ರಿಂದ 27 ಇರಬೇಕು. ತೇವಾಂಶ ಶೇ 50ರಿಂದ 60, ಪೊರೆ ಬಿಡುವ ದಿನಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಕಾರ್ನ್ ಸ್ನೇಕ್‌ಗೆ ಬೆಚ್ಚನೆಯ ಬದಿ 28ರಿಂದ 31, ತಣ್ಣನೆಯ ಬದಿ 22ರಿಂದ 25, ತೇವಾಂಶ ಶೇ 40ರಿಂದ 60. ಬೇರೆ ಜಾತಿಯಾದರೆ ಅದರ ಲೆಕ್ಕ ಬೇರೆ.

ಗಾಜಿಗೆ ಅಂಟಿಸುವ ಮುಳ್ಳಿನ ಮೀಟರನ್ನು ನಂಬಬೇಡಿ. ಅದು ಗೋಡೆಯ ಗಾಳಿಯನ್ನು ತೋರಿಸುತ್ತದೆ, ಹಾವು ಮಲಗುವ ನೆಲವನ್ನಲ್ಲ. ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಬಳಸಿ. ಹಾವು ಅವಿತುಕೊಳ್ಳುವ ಗೂಡಿನ ಒಳಗೆ, ನೆಲದ ಮಟ್ಟದಲ್ಲಿ ಇಡಿ. ಬೆಳಗಿನ ಜಾವ ಒಮ್ಮೆ ನೋಡಿ, ಏಕೆಂದರೆ ಪೆಟ್ಟಿಗೆ ತಣ್ಣಗಾಗುವುದು ಆ ಹೊತ್ತಲ್ಲಿ.

ನನ್ನ ಬಾಲ್ ಪೈಥಾನ್‌ಗೆ ಬಾಯಿ ಸೋಂಕಾದಾಗ ನಾನು ಎರಡು ದಿನ ಬರೀ ಬಾಯಿಯನ್ನೇ ನೋಡುತ್ತಾ ಕೂತಿದ್ದೆ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ಪ್ರೋಬ್ ಜಾರಿ ನೇರ ಹೀಟ್ ಮ್ಯಾಟಿನ (ಕರೆಂಟಿನಲ್ಲಿ ಬಿಸಿಯಾಗುವ ಚಾಪೆಯ) ಮೇಲೆ ಕೂತಿತ್ತು. ಮ್ಯಾಟ್ ಬೇಗ ಆಫ್ ಆಗುತ್ತಿತ್ತು, ಮೇಲಿನ ಹಾಸು 26 ಡಿಗ್ರಿಯಲ್ಲೇ ನಿಂತಿತ್ತು. ಎಷ್ಟು ವಾರದಿಂದ ಹಾಗಿತ್ತೋ ಅಂತ ನೆನೆದು ಇವತ್ತಿಗೂ ಸಂಕಟವಾಗುತ್ತದೆ. ಆವತ್ತಿನಿಂದ ಪ್ರೋಬನ್ನು ಟೇಪ್ ಹಾಕಿ ಕೂರಿಸುತ್ತೇನೆ.

ಕಾಯಿಲೆ ಬಿದ್ದ ಹಾವಿಗೆ ಬೆಚ್ಚನೆಯ ಬದಿಯನ್ನು ಆ ಜಾತಿಯ ಮಿತಿಯ ಮೇಲಿನ ತುದಿಗೆ ಏರಿಸಿ, ರಾತ್ರಿ ಇಳಿಸಬೇಡಿ. ಮಿತಿ ದಾಟಿಸಬೇಡಿ. ತಣ್ಣನೆಯ ಬದಿ ಇದ್ದೇ ಇರಬೇಕು. ಎಲ್ಲಿ ಇರಬೇಕು ಅನ್ನುವುದು ಹಾವಿಗೆ ನಮಗಿಂತ ಚೆನ್ನಾಗಿ ಗೊತ್ತು. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಬೇಡವೇ ಬೇಡ.

ಬಿಸಿ ನೋಡಿಯಾದ ಮೇಲೆ ಹಾಸು ತೆಗೆದು ಬಿಳಿ ಟಿಶ್ಯೂ ಪೇಪರ್ ಹರಡಿ. ಇದಕ್ಕೆ ಖರ್ಚೇ ಇಲ್ಲ, ಆದರೆ ಮಲದ ಬಣ್ಣ, ಜೊಲ್ಲು, ರಕ್ತದ ಚುಕ್ಕೆ, ನುಸಿ ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ.

ತಿನ್ನುತ್ತಿಲ್ಲ, ಸುಮ್ನೆ ಬಿದ್ದಿದೆ

ಇದೊಂದೇ ಇದ್ದರೆ ಸೋಂಕು ಅಂತ ತೀರ್ಮಾನಿಸಬೇಡಿ. ಕಣ್ಣು ನೀಲಿ ಮಬ್ಬಾಗಿದೆಯಾ, ಬಣ್ಣ ಮಾಸಿದೆಯಾ ನೋಡಿ. ಹಾಗಿದ್ದರೆ ಪೊರೆ ಬಿಡಲು ತಯಾರಾಗುತ್ತಿದೆ. ಒಂದೆರಡು ವಾರ ತಿನ್ನದೆ ಇರುವುದು ಸಹಜ. ಬಾಲ್ ಪೈಥಾನ್ ಅಂತೂ ಆರೋಗ್ಯವಾಗಿದ್ದೇ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು.

ಇಲ್ಲಿ ದಾರಿ ತೋರಿಸುವುದು ತಕ್ಕಡಿ. ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ತೂಕ ನಿಂತಿದ್ದರೆ ಗಾಬರಿ ಬೇಡ. ಮೈತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದಿದ್ದರೆ, ಬೆನ್ನುಮೂಳೆ ಏಣಿನ ಹಾಗೆ ಎದ್ದಿದ್ದರೆ ವೈದ್ಯರಿಗೆ ತೋರಿಸಿ. ನುಂಗಿದ್ದನ್ನು ಮತ್ತೆ ಮತ್ತೆ ಕಕ್ಕುತ್ತಿದ್ದರೂ ಅಷ್ಟೇ. ಅದಕ್ಕೆ ಬ್ಯಾಕ್ಟೀರಿಯಾ ಮಾತ್ರವಲ್ಲ, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿಯೂ ಕಾರಣ ಇರಬಹುದು.

ಇದೇ ಹೊತ್ತಿಗೆ ನುಸಿ ಹುಡುಕಿ. ಒದ್ದೆ ಬಿಳಿ ಬಟ್ಟೆಯಲ್ಲಿ ಮೈ ಸವರಿ. ಕಪ್ಪು ಅಥವಾ ಕೆಂಗಪ್ಪು ಚುಕ್ಕೆಗಳು ಬಂದು, ಅವು ನಡೆದಾಡಿದರೆ ನುಸಿ. ಕಣ್ಣಿನ ಸುತ್ತ, ಗಲ್ಲದ ಕೆಳಗಿನ ಸೀಳು, ನೀರಿನ ಬಟ್ಟಲಿನ ತಳ, ಈ ಮೂರು ಕಡೆ ಮರೆಯದೆ ನೋಡಿ. ಇಡೀ ದಿನ ನೀರಲ್ಲೇ ಮುಳುಗಿರುವ ಹಾವು ನುಸಿಯ ಕಾಟ ತಾಳಲಾರದೆ ಹಾಗೆ ಮಾಡುತ್ತಿರಬಹುದು. ಹಾವಿನ ನುಸಿ ರಕ್ತ ಹೀರುವುದಷ್ಟೇ ಅಲ್ಲ, ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾವನ್ನು ಒಂದು ಹಾವಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಬಿಸಿ ಸರಿಯಿಲ್ಲದ ಪೆಟ್ಟಿಗೆಯಲ್ಲಿ ಊಟ ಕೊಡಬೇಡಿ. ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಬಲವಂತವಾಗಿ ತುರುಕುವುದಂತೂ ಬೇಡ.

ಬಾಯಿಯಲ್ಲಿ ಕೆಂಪು, ಜೊಲ್ಲು, ಬಿಳಿ ಗಟ್ಟಿ

ಇಲ್ಲಿಂದ ಮುಂದೆ ಹೇಳುವುದು ವಿಷವಿಲ್ಲದ ಹಾವುಗಳಿಗೆ ಮಾತ್ರ. ವಿಷದ ಹಾವಿನ ಬಾಯಿಯನ್ನು ಮನೆಯಲ್ಲಿ ಯಾರೂ ತೆರೆಯಬಾರದು.

ಮೊದಲು ಮುಟ್ಟದೆ ನೋಡಿ. ತುಟಿಯ ಗೆರೆ ಎರಡೂ ಬದಿ ಒಂದೇ ಸಮ ಮುಚ್ಚಿದೆಯಾ? ಒಂದು ಕಡೆ ಉಬ್ಬಿದೆಯಾ? ತುಟಿಯಂಚಲ್ಲಿ ಏನಾದರೂ ಒಣಗಿ ಅಂಟಿದೆಯಾ? ತಿಂದ ಮೇಲೆ ಆಕಳಿಸಿದ ಹಾಗೆ ಬಾಯಿ ಅಗಲಿಸುವುದು ದವಡೆಯನ್ನು ಜಾಗಕ್ಕೆ ಕೂರಿಸಿಕೊಳ್ಳುವ ರೀತಿ, ಅದು ರೋಗವಲ್ಲ.

ಆಮೇಲೆ ಒಬ್ಬರು ಮೈಗೆ ಆಸರೆ ಕೊಡಲಿ. ಇನ್ನೊಬ್ಬರು ದವಡೆಯ ಹಿಂದೆ ಮೆತ್ತಗೆ ಹಿಡಿದು, ಕೆಳತುಟಿಯ ಚರ್ಮವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಸ್ವಲ್ಪ ಕೆಳಗೆ ಜಗ್ಗಿ ನೋಡಲಿ. ಪೂರ್ತಿ ಬಾಯಿ ತೆರೆಸುವ ಅಗತ್ಯವಿಲ್ಲ. ಒಳಗೆ ನಸುಗುಲಾಬಿ, ತೇವವಾಗಿ ಹೊಳೆಯುತ್ತಿದ್ದರೆ ಚೆನ್ನಾಗಿದೆ.

ವಸಡಿನ ಮೇಲೆ ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಅದು ಶುರು. ಎಳೆ ಎಳೆಯಾಗಿ ಅಂಟುವ ಜೊಲ್ಲು ಇದ್ದರೆ ಒಂದು ಹೆಜ್ಜೆ ಮುಂದೆ ಹೋಗಿದೆ. ಹಲ್ಲಿನ ಸಾಲಿನಲ್ಲಿ ಗಿಣ್ಣಿನಂಥ ಬಿಳಿ ಅಥವಾ ಹಳದಿ ಗಟ್ಟಿ ಕೂತಿದ್ದರೆ ಕೀವಾಗಿದೆ. ಅದರಾಚೆಗೆ ಹಲ್ಲು ಉದುರುತ್ತದೆ, ಸೋಂಕು ದವಡೆಯ ಮೂಳೆಗೆ ಇಳಿಯುತ್ತದೆ.

ಬರೀ ಚುಕ್ಕೆ ಇದ್ದು ಹಾವು ಚುರುಕಾಗಿದ್ದರೆ, ಬಿಸಿ ಸರಿಮಾಡಿ, ಹಾಸು ಬದಲಿಸಿ, ದಿನಕ್ಕೊಮ್ಮೆ ತೆಳು ಮಾಡಿದ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ವಸಡು ಒರೆಸಬಹುದು. ಶೇ 2ರ ದ್ರಾವಣ ಸಿಕ್ಕರೆ ಒಂದು ಪಾಲಿಗೆ ಸುಮಾರು 40 ಪಾಲು ನೀರು ಬೆರೆಸಿ. ಒರೆಸುವಾಗ ಹಾವಿನ ತಲೆ ಕೆಳಮುಖವಾಗಿರಲಿ. ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಹಿಂದೆ, ಬಾಯಿಯ ತಳದಲ್ಲೇ ಇದೆ. ಒಂದು ಹನಿ ಅಲ್ಲಿಗೆ ಹೋದರೂ ಶ್ವಾಸಕೋಶಕ್ಕೆ ಇಳಿಯಬಹುದು. ಎರಡು ಮೂರು ದಿನದಲ್ಲಿ ಕೆಂಪು ಇಳಿಯದಿದ್ದರೆ ಕಾಯಬೇಡಿ.

ಬಿಳಿ ಗಟ್ಟಿ ಕಂಡರೆ ಅಲ್ಲಿಗೇ ನಿಲ್ಲಿಸಿ, ವೈದ್ಯರ ಬಳಿ ಹೋಗಿ. ಅದನ್ನು ಉಗುರಲ್ಲೋ ಚಿಮಟದಲ್ಲೋ ಕೆರೆದು ತೆಗೆಯಬೇಕು ಅಂತ ಕೈ ತುರಿಸುತ್ತದೆ, ನನಗೆ ಗೊತ್ತು. ಬೇಡ. ಅದರ ಅಡಿಯಲ್ಲಿ ಹಸಿ ಮಾಂಸವಿದೆ, ಕೆಲವೊಮ್ಮೆ ಮೂಳೆಯೇ ಇದೆ. ಕೆರೆದರೆ ಸೋಂಕು ರಕ್ತಕ್ಕೆ ಸೇರುತ್ತದೆ.

ಒಂದು ಕಣ್ಣು ಮಾತ್ರ ಉಬ್ಬಿ ಮಬ್ಬಾಗಿದ್ದರೂ ಬಾಯಿ ನೋಡಿ. ಹಾವಿನ ಕಣ್ಣೀರಿನ ಕೊಳವೆ ಬಾಯಿಯೊಳಗೆ ತೆರೆದುಕೊಳ್ಳುತ್ತದೆ. ಬಾಯಿಯ ಸೋಂಕು ಅದೇ ದಾರಿ ಹಿಡಿದು ಕಣ್ಣಿನ ಗಾಜಿನಂಥ ಮುಚ್ಚಳದ ಹಿಂದೆ ಕೀವು ತುಂಬಬಹುದು. ಪೊರೆಯ ಮಬ್ಬು ಎರಡೂ ಕಣ್ಣಿಗೆ ಒಟ್ಟಿಗೆ ಬರುತ್ತದೆ.

ಉಸಿರಾಟದಲ್ಲಿ ಸದ್ದು, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರು

ನನಗೆ ಅತಿ ಹೆಚ್ಚು ಹೆದರಿಕೆ ಇದರದ್ದೇ. ಹಾವಿಗೆ ನಮ್ಮ ಹಾಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಜೋರಾಗಿ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಬಹಳಷ್ಟು ಹಾವುಗಳಲ್ಲಿ ಕೆಲಸ ಮಾಡುವುದು ಬಲಗಡೆಯ ಉದ್ದನೆಯ ಶ್ವಾಸಕೋಶ ಒಂದೇ. ಹೆಬ್ಬಾವಿನ ಜಾತಿಗಳಲ್ಲಿ ಎಡಗಡೆಯದೂ ಇದೆ, ಆದರೆ ಚಿಕ್ಕದು. ಒಳಗೆ ಸೇರಿದ ಲೋಳೆ ಅಲ್ಲೇ ನಿಂತು ಗಟ್ಟಿಯಾಗುತ್ತದೆ.

ಸುಲಭದ ಕಾರಣ ಮೊದಲು ತೆಗೆದುಹಾಕಿ. ಪೊರೆ ಬಿಡುವ ಮುಂಚೆ ಮೂಗಿನ ಹೊಳ್ಳೆಯಲ್ಲಿ ಹಳೆ ಚರ್ಮ ಸಡಿಲವಾಗಿ ಸಣ್ಣ ಸಿಳ್ಳೆಯಂಥ ಸದ್ದು ಬರಬಹುದು. ಪೊರೆ ಬಿಟ್ಟ ಮೇಲೆ ಅದು ನಿಲ್ಲಬೇಕು. ನೀರು ಕುಡಿದ ತಕ್ಷಣ ಒಂದೆರಡು ಗುಳ್ಳೆ ಬಂದು ಹೋದರೆ ಚಿಂತೆ ಇಲ್ಲ. ಬಿಟ್ಟ ಪೊರೆಯಲ್ಲಿ ಮೂಗಿನ ಭಾಗ ಪೂರ್ತಿ ಬಂದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಪೊರೆ ಬಿಟ್ಟ ಮೇಲೂ ಗೊರಗೊರ ಸದ್ದು ನಿಂತಿಲ್ಲ, ಮೈಯ ಬದಿಗೆ ಬೆರಳಿಟ್ಟರೆ ಒಳಗೆ ಲೋಳೆ ಒಡೆಯುವ ಅದುರು ತಿಳಿಯುತ್ತದೆ, ಮೂಗು ಬಾಯಿಯಲ್ಲಿ ನೊರೆ ಇದೆ, ತಲೆಯನ್ನು ಮೇಲಕ್ಕೆತ್ತಿ ಗೋಡೆಗೆ ಒರಗಿಸಿಕೊಂಡೇ ಇರುತ್ತದೆ. ಇವುಗಳಲ್ಲಿ ಒಂದಿದ್ದರೂ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ. ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಅದೇ ದಿನ ಹೋಗಬೇಕು.

ಅಲ್ಲಿಯವರೆಗೆ ಬಿಸಿ ಮೇಲಿನ ತುದಿಯಲ್ಲಿರಲಿ. ಗಾಳಿ ಆಡುವ ಕಿಂಡಿ ಮುಚ್ಚಬೇಡಿ. ಊಟ ಬೇಡ. ನೀರಲ್ಲಿ ನೆನೆಸಬೇಡಿ, ಉಸಿರು ಸೋತ ಹಾವು ಬೆರಳುದ್ದ ನೀರಿನಲ್ಲೂ ಮುಳುಗಿ ಸಾಯಬಹುದು. ನೀಲಗಿರಿ ಎಣ್ಣೆಯ ಹಬೆ, ಎದೆಗೆ ಹಚ್ಚುವ ಮುಲಾಮು ಇವನ್ನು ಪೆಟ್ಟಿಗೆಯ ಹತ್ತಿರವೂ ತರಬೇಡಿ.

ಉಸಿರಾಟದ ತೊಂದರೆಯೆಲ್ಲ ಬ್ಯಾಕ್ಟೀರಿಯಾದ್ದೇ ಅಲ್ಲ ಅನ್ನುವುದೂ ತಿಳಿದಿರಲಿ. ಬಾಲ್ ಪೈಥಾನ್‌ಗಳಲ್ಲಿ ನ್ಯುಮೋನಿಯಾ ತರುವ ನಿಡೋವೈರಸ್ 2014ರಲ್ಲಿ ವರದಿಯಾಯಿತು. ಅದಕ್ಕೆ ಆ್ಯಂಟಿಬಯಾಟಿಕ್ ತಾಗುವುದಿಲ್ಲ. ಉಸಿರಾಟದ ತೊಂದರೆಯ ಜೊತೆ ತಲೆ ಹಿಂದಕ್ಕೆ ತಿರುಚಿಕೊಳ್ಳುವುದು, ಮಗುಚಿದರೆ ನೆಟ್ಟಗಾಗಲು ಒದ್ದಾಡುವುದು ಕಂಡರೆ ನರಕ್ಕೆ ತಗುಲಿದೆ ಅಂತ ಅರ್ಥ. ಆ ಹಾವನ್ನು ಬೇರೆ ಹಾವುಗಳಿಂದ ಕೂಡಲೇ ದೂರ ಮಾಡಿ.

ಹೊಟ್ಟೆಯ ಹುರುಪೆ ಕಂದಾಗಿದೆ, ಗುಳ್ಳೆ ಎದ್ದಿದೆ

ಒದ್ದೆ ಬಟ್ಟೆಯಲ್ಲಿ ಒರೆಸಿ. ಹೋದರೆ ಕಲೆ, ಅಷ್ಟೇ.

ಹೋಗದಿದ್ದರೆ ಸುಟ್ಟದ್ದೋ ಕೊಳೆತದ್ದೋ ಅಂತ ನೋಡಬೇಕು. ಸುಟ್ಟ ಗಾಯ ಹೀಟ್ ಮ್ಯಾಟಿನ ಮೇಲೆ ಹಾವು ಒರಗುವ ಜಾಗದಲ್ಲೇ ಇರುತ್ತದೆ, ಒಂದೆರಡು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಮ್ಯಾಟಿನ ಮೇಲ್ಮೈ ಎಷ್ಟು ಬಿಸಿ ಇದೆ ಅಂತ ಥರ್ಮಾಮೀಟರ್ ಇಟ್ಟು ನೋಡಿ. ಕೊಳೆತ ನಿಧಾನವಾಗಿ ಬರುತ್ತದೆ. ಒದ್ದೆ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಯ ಅಂಚು ಮೊದಲು ಹಳದಿ ಕಂದಾಗುತ್ತದೆ, ಮೆತ್ತಗಾಗುತ್ತದೆ, ಅಡಿಯಲ್ಲಿ ನೀರು ಗುಳ್ಳೆ ಏಳುತ್ತದೆ. ಆಮೇಲೆ ವಾಸನೆ.

ಹಗುರವಾಗಿದ್ದರೆ ಮನೆಯಲ್ಲಿ ಮಾಡುವುದು ಬಹಳ ಇದೆ. ಟಿಶ್ಯೂ ಹಾಸನ್ನು ದಿನಕ್ಕೆ ಎರಡು ಸಲ ಬದಲಿಸಿ. ಗೂಡನ್ನು ಒಣಗಿಸಿ. ತೆಳು ಚಹಾದ ಬಣ್ಣ ಬರುವಷ್ಟು ಪೊವಿಡೋನ್ ಅಯೋಡಿನ್ ಬೆರೆಸಿದ ಉಗುರು ಬೆಚ್ಚನೆಯ ನೀರಿನಲ್ಲಿ, ಮೈಯ ಅರ್ಧ ಎತ್ತರಕ್ಕಿಂತ ಕಡಿಮೆ ಆಳದಲ್ಲಿ, 15 ನಿಮಿಷ ಇಟ್ಟು ಒರೆಸಿ. ಎದುರಲ್ಲೇ ಕೂತಿರಿ. ಉಸಿರಾಟದ ಲಕ್ಷಣ ಇದ್ದರೆ ಇದನ್ನು ಮಾಡಬೇಡಿ, ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಸಾಕು. ಗುಳ್ಳೆ ಒಡೆಯಬೇಡಿ. ನೋವು ಕಡಿಮೆ ಮಾಡುವ ಮದ್ದು ಬೆರೆತ ಮನುಷ್ಯರ ಮುಲಾಮು ಹಚ್ಚಬೇಡಿ. ಹಾಗಂತ ತೇವಾಂಶವನ್ನೇ ಪೂರ್ತಿ ಇಳಿಸಿದರೆ ಪೊರೆ ಮೈಗೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಇರಲಿ, ನೆಲ ಒಣಗಿರಲಿ.

ಹುರುಪೆ ಹೊಸದಾಗುವುದು ಪೊರೆ ಬಿಟ್ಟಾಗ ಮಾತ್ರ. ಹಾಗಾಗಿ ಪೂರ್ತಿ ಮಾಯಲು ಎರಡು ಮೂರು ಪೊರೆ ಕಾಯಬೇಕಾಗಬಹುದು. ಹರಡುತ್ತಿದ್ದರೆ, ಕೆಳಗಿನ ಮಾಂಸ ಕಾಣುತ್ತಿದ್ದರೆ, ವಾಸನೆ ಇದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮುಖದ ಮೇಲೆ ಒರಟು ಹಳದಿ ಹಕ್ಕಳೆ ಕಟ್ಟಿದ್ದರೆ ಶಿಲೀಂಧ್ರವೂ ಆಗಿರಬಹುದು. ಚರ್ಮದ ಚೂರು ತೆಗೆದು ಪರೀಕ್ಷಿಸದೆ ಅದನ್ನು ಹೇಳಲಾಗುವುದಿಲ್ಲ.

ಮೈಮೇಲೆ ಗಟ್ಟಿ ಗಂಟು

ತಿಂದ ಊಟವೋ ಮಲವೋ ಆದರೆ ಕೆಲವು ದಿನದಲ್ಲಿ ಜಾಗ ಬದಲಿಸುತ್ತದೆ. ಒಂದೇ ಕಡೆ ನಿಂತು, ಒಂದು ಬದಿಗೆ ಉಬ್ಬಿ, ಒತ್ತಿದರೆ ಕಲ್ಲಿನ ಹಾಗಿದ್ದರೆ ಬಾವು ಇರಬಹುದು. ಹಾವಿನ ಕೀವು ನಮ್ಮದರ ಹಾಗೆ ನೀರಾಗುವುದಿಲ್ಲ. ಅದನ್ನು ಕರಗಿಸುವ ಕಿಣ್ವ ಅವುಗಳ ಬಿಳಿ ರಕ್ತಕಣದಲ್ಲಿ ಇಲ್ಲ. ಹಿಂಡಿದರೆ ಬರುವುದಿಲ್ಲ, ಮಾತ್ರೆಗೂ ಕರಗುವುದಿಲ್ಲ. ವೈದ್ಯರೇ ಕೊಯ್ದು, ಸುತ್ತಲಿನ ಚೀಲದ ಸಮೇತ ತೆಗೆಯಬೇಕು.

ಹೊಟ್ಟೆ ಕೆಂಪೇರಿದೆ, ಮೈ ಜೋಲು ಬಿದ್ದಿದೆ: ತಡ ಮಾಡಬೇಡಿ

ಪೊರೆಗೆ ಮುಂಚೆ ಹೊಟ್ಟೆ ನಸುಗೆಂಪಾಗುವುದುಂಟು. ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಹಾವು ಮುಟ್ಟಿದರೆ ಎಂದಿನಂತೆ ಬಿಗಿಯಾಗುತ್ತದೆ. ಇದು ಬೇರೆ. ಹುರುಪೆಗಳ ಮೇಲೂ ನಡುವೆಯೂ ರಕ್ತದ ಚುಕ್ಕೆ, ಕೆಂಪು ಮಚ್ಚೆ. ಕೈಯಲ್ಲಿ ಹಿಡಿದರೆ ಹಗ್ಗದ ಹಾಗೆ ಜೋಲುತ್ತದೆ. ಮೆತ್ತಗೆ ಮಗುಚಿದರೆ ತಿರುಗುವುದಿಲ್ಲ. ಸೋಂಕು ರಕ್ತಕ್ಕೆ ಸೇರಿದೆ ಅಂತ ಇದರ ಅರ್ಥ. ಇಲ್ಲಿ ಮನೆಯಲ್ಲಿ ಮಾಡುವ ಪರೀಕ್ಷೆ ಯಾವುದೂ ಇಲ್ಲ, ಗಂಟೆಗಳ ಲೆಕ್ಕದಲ್ಲಿ ಹೊರಡಬೇಕು.

ಸಾಗಿಸುವಾಗ ಹಾವನ್ನು ಬಟ್ಟೆ ಚೀಲದಲ್ಲಿಟ್ಟು, ಚೀಲವನ್ನು ಗಾಳಿ ತೂತಿರುವ ಪೆಟ್ಟಿಗೆಯಲ್ಲಿಡಿ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ. ಮೈಗೆ ನೇರ ತಾಗಬಾರದು.

ವೈದ್ಯರ ಹತ್ತಿರ

ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ. ಸರೀಸೃಪ ನೋಡಿ ರೂಢಿ ಇರುವವರನ್ನು ಹಾವು ಚೆನ್ನಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಹೋಗುವಾಗ ಬಿಸಿ ಮತ್ತು ತೇವಾಂಶದ ಲೆಕ್ಕ, ತೂಕದ ಪಟ್ಟಿ, ಕೊನೆಯ ಊಟ ಮತ್ತು ಪೊರೆಯ ದಿನ, ಪೆಟ್ಟಿಗೆಯ ಫೋಟೋ ಇವನ್ನು ಒಯ್ಯಿರಿ.

ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆ ಮಾದರಿ ತೆಗೆದು, ಯಾವ ಬ್ಯಾಕ್ಟೀರಿಯಾ, ಯಾವ ಮದ್ದಿಗೆ ಬಗ್ಗುತ್ತದೆ ಅನ್ನುವ ಕಲ್ಚರ್ ಪರೀಕ್ಷೆ ಮಾಡಿಸಲು ಆಗುತ್ತದಾ ಅಂತ ಕೇಳಿ. ಶ್ವಾಸಕೋಶದ ತೊಂದರೆಯಾದರೆ ಎಕ್ಸ್‌ರೇ ಮತ್ತು ಉಸಿರಿನ ಕೊಳವೆ ತೊಳೆದು ತೆಗೆದ ಮಾದರಿ ಬೇಕಾಗಬಹುದು. ಬರೀ ತುಟಿಯಂಚಿನ ಮಾದರಿ ಸಾಲದು, ಅಲ್ಲಿ ಆರೋಗ್ಯವಂತ ಹಾವಿಗೂ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ.

ಮನೆಯಲ್ಲಿ ಮಿಕ್ಕಿದ ಮನುಷ್ಯರ ಮಾತ್ರೆ, ನಾಯಿಗೆ ಬರೆದ ಇಂಜೆಕ್ಷನ್, ಇವನ್ನು ಅಂದಾಜಿನಲ್ಲಿ ಕೊಡಬೇಡಿ. ಹಾವಿನ ಮೈ ಮದ್ದನ್ನು ಬಹಳ ನಿಧಾನ ಹೊರಹಾಕುತ್ತದೆ. ಸೆಫ್ಟಾಜಿಡಿಮ್ ಅನ್ನುವ ಮದ್ದನ್ನು ಹಾವಿಗೆ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಕೊಡುತ್ತಾರೆ. ಅಮಿಕಾಸಿನ್ ನೀರು ಕಡಿಮೆಯಾದ ಹಾವಿನ ಮೂತ್ರಪಿಂಡವನ್ನೇ ಕೆಡಿಸಬಹುದು. ಎನ್ರೋಫ್ಲಾಕ್ಸಾಸಿನ್ ಚುಚ್ಚಿದ ಜಾಗದ ಮಾಂಸ ಸುಡುವುದುಂಟು. ಇವು ವೈದ್ಯರು ತೂಗಿ ನೋಡಬೇಕಾದ ವಿಷಯಗಳು.

ಇಂಜೆಕ್ಷನ್ ನಿಮಗೇ ಕಲಿಸಿಕೊಟ್ಟರೆ ಮೈಯ ಮುಂದಿನ ಭಾಗದಲ್ಲಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಕೊಡಿ. ಬಾಲದ ಕಡೆಯ ರಕ್ತ ಮೊದಲು ಮೂತ್ರಪಿಂಡದ ಮೂಲಕ ಹೋಗುತ್ತದೆ, ಅದಕ್ಕೇ ಅಲ್ಲಿ ಚುಚ್ಚುವುದಿಲ್ಲ.

ಮದ್ದು ನಡೆಯುತ್ತಿದೆ, ಗುಣ ಕಾಣುತ್ತಿಲ್ಲ

ಹಾವಿನ ಕಾಯಿಲೆ ದಿನದಲ್ಲಿ ಇಳಿಯುವುದಿಲ್ಲ, ವಾರಗಳಲ್ಲಿ ಇಳಿಯುತ್ತದೆ. ಆದರೂ ಎರಡು ವಾರದಲ್ಲಿ ಸ್ವಲ್ಪವೂ ಬದಲಾಗದಿದ್ದರೆ ಮತ್ತೆ ಬೆಳಗಿನ ಜಾವದ ಬಿಸಿ ಅಳೆಯಿರಿ. ಡೋಸ್ ತಪ್ಪಿದೆಯಾ ನೋಡಿ. ನುಸಿ ಇನ್ನೂ ಇದೆಯಾ ನೋಡಿ. ಇವೆಲ್ಲ ಸರಿಯಿದ್ದರೆ ವೈದ್ಯರ ಬಳಿ ಮರಳಿ ಹೋಗಿ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಒಳಗೆ ಅಡಗಿದ ಬಾವು, ಯಾವುದಾದರೂ ಇರಬಹುದು. ಚೆನ್ನಾಗಿ ಕಾಣುತ್ತಿದೆ ಅಂತ ನಡುವೆ ನಿಲ್ಲಿಸುವುದೂ ತಪ್ಪೇ. ಬೇರೆ ಹಾವುಗಳಿದ್ದರೆ ಅವನ್ನು ಮೊದಲು ನೋಡಿಕೊಂಡು, ಕಾಯಿಲೆಯದನ್ನು ಕೊನೆಗೆ ಮುಟ್ಟಿ.

ನಿಮ್ಮ ಕೈ, ನಿಮ್ಮ ಮನೆ

ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಮನುಷ್ಯರಿಗೆ ಜ್ವರ, ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. 5 ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಕಾಯಿಲೆಯ ಹಾವಿನಿಂದ ದೂರವಿರಲಿ. ಮನೆಯಲ್ಲಿ ಯಾರಿಗಾದರೂ ಜ್ವರ, ಭೇದಿ ಬಂದರೆ ಹಾವು ಸಾಕಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ಪೆಟ್ಟಿಗೆ ತೊಳೆಯಲು ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದು ಒಣಗಿಸಿ. ಆ ಹೊತ್ತಿಗೆ ಹಾವು ಬೇರೆ ಕೋಣೆಯಲ್ಲಿರಲಿ. ಬ್ಲೀಚಿಗೆ ಬೇರೆ ಯಾವ ಕ್ಲೀನರನ್ನೂ ಸೇರಿಸಬೇಡಿ. ಫಿನಾಯಿಲ್ ಹಾವಿಗೆ ವಿಷ.

ಮತ್ತೆ ಊಟ

ಬಾಯಿ ಮಾಯ್ದು, ಉಸಿರು ಸದ್ದಿಲ್ಲದೆ ನಡೆದು, ತೂಕ ಇಳಿಯುವುದು ನಿಂತ ಮೇಲೆ ಊಟ ಕೊಡಿ. ಎಂದಿನ ಅರ್ಧ ಗಾತ್ರದ್ದು ಸಾಕು, ಜೀವಂತ ಇಲಿ ಬೇಡ. ಅದು ಕಚ್ಚಿದ ಗಾಯ ಇನ್ನೊಂದು ಸೋಂಕಿಗೆ ದಾರಿ. ಪೂರ್ತಿ ಕರಗಿಸಿ ಬೆಚ್ಚಗೆ ಮಾಡಿದ ಫ್ರೋಜನ್ ಇಲಿ ಕೊಟ್ಟು, ಹತ್ತು ದಿನ ಮುಟ್ಟದೆ ಬಿಡಿ. ಕಕ್ಕದೆ ಜೀರ್ಣಿಸಿಕೊಂಡು ಮಲ ಹಾಕಿದರೆ ಮುಂದಿನ ಊಟ ಸ್ವಲ್ಪ ದೊಡ್ಡದಿರಲಿ.